ಜ್ಯಾಗರಿಗೆ ಎಷ್ಟು ‘ಜಿ’?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ತಂದೆಯವರ ಕಾಲದಿಂದಲೂ ಆಲೆಮನೆ ನಡೆಸುತ್ತಿದ್ದೇವೆ. ಈ ಸಲ ಅಚ್ಚು ಬೆಲ್ಲವನ್ನು ಕೆ.ಜಿ. ಡಬ್ಬಿಗಳಿಗೆ ತುಂಬಿ ಮೈಸೂರಿನ ಅಂಗಡಿಗಳಿಗೆ ಕೊಡೋಣವೆಂದು, ಇಂಗ್ಲಿಷಿನಲ್ಲೂ ಹೆಸರಿರುವ ಚೀಟಿ ಅಚ್ಚು ಹಾಕಿಸಿದೆ. ಎರಡು ಸಾವಿರ ಚೀಟಿ ಮನೆಗೆ ಬಂದ ಮೇಲೆ ಮಗಳು ‘ಜ್ಯಾಗರಿ’ಯ ಕಾಗುಣಿತ ತಪ್ಪು, ‘ಇ’ ಇರಬೇಕಾದ ಕಡೆ ‘ಎ’ ಇದೆ ಎಂದಳು. ಅಳಿಯಂದಿರು ಒಂದೇ ‘ಜಿ’ ಸಾಕಿತ್ತು ಎನ್ನುತ್ತಾರೆ. ಒರಟು ಅಂಚಿಗೆ ಇಂಗ್ಲಿಷಿನಲ್ಲಿ ‘ಜ್ಯಾಗ್ಡ್’ ಎನ್ನುತ್ತಾರಂತೆ, ಒಡೆದ ಬೆಲ್ಲದ ಅಂಚು ಹಾಗಿರುವುದರಿಂದ ಈ ಹೆಸರು ಬಂದಿದೆ ಎಂಬುದೂ ಅವರದೇ ಮಾತು. ನಿಜ ಯಾವುದು, ದಯವಿಟ್ಟು ತಿಳಿಸಿ.

ಉತ್ತರ: ಮಗಳು ಹೇಳಿದ್ದು ಸರಿ. ಅಳಿಯಂದಿರು ಎರಡು ಕಡೆಯೂ ಸೋತಿದ್ದಾರೆ. ಅಕ್ಷರಗಳು ಏಳು: ಜೆ, ಎ, ಜಿ, ಜಿ, ಇ, ಆರ್, ವೈ.

ನಿಮ್ಮ ಮುದ್ರಕರನ್ನು ಹೆಚ್ಚು ಬೈಯಬೇಡಿ. ಹೋದ ವಾರ ದೇವರಾಜ ಮಾರುಕಟ್ಟೆಗೆ ಬೆಲ್ಲ ತರಲು ಹೋದಾಗ ನಿಮ್ಮ ಪತ್ರ ನನ್ನ ಜೇಬಿನಲ್ಲೇ ಇತ್ತು. ಎರಡು ಫಲಕ ಮತ್ತು ಒಂದು ರಟ್ಟಿನ ಪೆಟ್ಟಿಗೆ ಕಣ್ಣಿಗೆ ಬಿದ್ದವು. ಕಾಗುಣಿತ ಮೂರು ಬಗೆ. ಅಂಗಡಿಯವರಿಗೆ ತೋರಿಸಿದೆ. ‘ಹೇಗೆ ಬರೆದರೂ ಸಿಹಿ ಒಂದೇ ಅಲ್ಲವೇ ಸ್ವಾಮಿ’ ಎಂದು ಅರ್ಧ ಕೆ.ಜಿ. ತೂಗಿಕೊಟ್ಟರು.

‘ಜಿ’ ಎರಡು ಏಕೆ? ಇಂಗ್ಲಿಷಿನಲ್ಲಿ ‘ಇ’ಯ ಹಿಂದೆ ಒಂಟಿ ‘ಜಿ’ ಬಂದರೆ ಅದು ಸಾಮಾನ್ಯವಾಗಿ ‘ಜ’ ಆಗುತ್ತದೆ: ಪೇಜ್, ಜೆಂಟಲ್‌ಮನ್. ಅಳಿಯಂದಿರ ಲೆಕ್ಕದಲ್ಲಿ ಬರೆದರೆ ಓದುವವರು ‘ಜೇಜರಿ’ ಎಂದುಕೊಂಡಾರು. ಎರಡು ‘ಜಿ’ ಹಾಕಿದರೆ ‘ಗ’ ಗಟ್ಟಿಯಾಗಿ ನಿಲ್ಲುತ್ತದೆ, ಹಿಂದಿನ ಸ್ವರವೂ ಮೊಟಕಾಗುತ್ತದೆ. ಕಠಾರಿಗೆ ಹೇಳುವ ‘ಡ್ಯಾಗರ್’ ನೋಡಿ, ಅಲ್ಲಿಯೂ ಜೋಡಿ ‘ಜಿ’. ಆದರೆ ಇಂಗ್ಲಿಷು ತನ್ನ ನಿಯಮಕ್ಕೆ ತಾನೇ ಬದ್ಧವಾಗಿರುವ ಭಾಷೆಯಲ್ಲ. ಉತ್ಪ್ರೇಕ್ಷೆ ಮಾಡು ಎಂಬರ್ಥದ ‘ಎಕ್ಸಾಜರೇಟ್’ನಲ್ಲಿ ಎರಡು ‘ಜಿ’ ಇದ್ದೂ ಉಚ್ಚಾರ ‘ಜ’. ‘ಆರ್’ಗೆ ಮುಂಚಿನ ‘ಇ’ ನೆನಪಿಡಲು ಬೇಕರಿ, ನರ್ಸರಿಗಳನ್ನು ನೆನೆದರೆ ಸಾಕು. ಮೂರಕ್ಕೂ ಬಾಲ ಒಂದೇ.

ಇನ್ನು ‘ಜ್ಯಾಗ್ಡ್’ ಕತೆ. ಕೇಳಲು ಚೆನ್ನಾಗಿದೆ, ಆದರೆ ಎರಡು ಪದಗಳಿಗೂ ಸಂಬಂಧವಿಲ್ಲ. ಜ್ಯಾಗರಿ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಪಶ್ಚಿಮ ಕರಾವಳಿಯಲ್ಲಿ. ಅದರ ಮೂಲ ನೀವು ದಿನವೂ ಆಡುವ ಪದ: ಸಕ್ಕರೆ.

ಸಂಸ್ಕೃತದ ‘ಶರ್ಕರಾ’ ಎಂದರೆ ಮೊದಲಿಗೆ ನೊರಜುಗಲ್ಲು, ಹರಳು ಮರಳು. ಮೂತ್ರದಲ್ಲಿ ಬರುವ ಹರಳಿಗೂ ಆಯುರ್ವೇದದಲ್ಲಿ ಇದೇ ಹೆಸರು. ಪಾಕ ಹರಳುಗಟ್ಟಿದಾಗ ಕೈಗೆ ಮರಳಿನಂತೆ ಹತ್ತುತ್ತದಲ್ಲವೇ, ಅಲ್ಲಿಂದ ಸಿಹಿಗೆ ಈ ಹೆಸರು ಬಂತು. ಕನ್ನಡದಲ್ಲಿ ‘ಶ’ ‘ಸ’ ಆಗಿ, ‘ರ್ಕ’ ‘ಕ್ಕ’ ಆಗಿ ‘ಸಕ್ಕರೆ’ ಆಯಿತು. ಮಲಯಾಳದಲ್ಲಿ ‘ಚಕ್ಕರ’ ಆಯಿತು. ನಾವು ಕಲ್ಲುಸಕ್ಕರೆ ಎನ್ನುವಾಗ ಕಲ್ಲನ್ನು ಎರಡು ಸಲ ಹೇಳುತ್ತಿದ್ದೇವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

1498ರಲ್ಲಿ ಪೋರ್ಚುಗೀಸರು ಮಲಬಾರಿಗೆ ಬಂದರು. ಅಲ್ಲಿ ತಾಳೆ, ತೆಂಗಿನ ನೀರಾ ಕಾಯಿಸಿ ಮಾಡುವ ಕಪ್ಪು ಬೆಲ್ಲಕ್ಕೆ ಜನ ‘ಚಕ್ಕರ’ ಎನ್ನುತ್ತಿದ್ದರು; ಇಂದಿಗೂ ಎನ್ನುತ್ತಾರೆ. ಪೋರ್ಚುಗೀಸರ ಬಾಯಲ್ಲಿ ಅದು ‘ಶಗರ’, ‘ಜಾಗರ’, ‘ಜಾಗ್ರ’ ಎಂದೆಲ್ಲ ಆಯಿತು. ಡುವಾರ್ಟೆ ಬಾರ್ಬೋಸಾ ಎಂಬ ಪೋರ್ಚುಗೀಸ್ ಬರಹಗಾರ 1516ರ ಸುಮಾರಿಗೇ ಈ ತಾಳೆ ಸಕ್ಕರೆಯ ಹೆಸರನ್ನು ದಾಖಲಿಸಿದ್ದಾನೆ. ಗೋವೆಯಲ್ಲಿ ಕೆಲವು ವರ್ಷ ಇದ್ದ ಲಿನ್ಸ್‌ಹೋಟನ್ ಎಂಬ ಡಚ್ಚರವನ ಪ್ರವಾಸ ಗ್ರಂಥ 1598ರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಜೊತೆಗೇ ಈ ಪದವೂ ಇಂಗ್ಲಿಷಿಗೆ ಬಂತು. ‘ಸುರೆ’ಯಿಂದ, ಅಂದರೆ ಮರದಿಂದ ಇಳಿಸಿದ ರಸದಿಂದ, ಒಂದು ಬಗೆಯ ಸಕ್ಕರೆ ಮಾಡುತ್ತಾರೆ, ಅದರ ಹೆಸರು ಜಾಗ್ರ ಎಂದು ಅಲ್ಲಿದೆ. ಮುಂದೆ ಎಡ್ವರ್ಡ್ ಟೆರಿ ಎಂಬ ಪಾದ್ರಿ ಜಹಾಂಗೀರನ ಕಾಲದಲ್ಲಿ ಇಲ್ಲಿಗೆ ಬಂದು, ಸಾರಾಯಿ ಇಳಿಸಲು ಬಳಸುವ ಜಾಗ್ರ ಎಂದರೆ ಯಾವುದೋ ಮರದ ಮಸಾಲೆ ತೊಗಟೆ ಎಂದು ಬರೆದುಬಿಟ್ಟ. ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದರೆ ಈ ತಪ್ಪಾಗುತ್ತಿರಲಿಲ್ಲ.

ಕೆಲವು ನಿಘಂಟುಗಳು ಪೋರ್ಚುಗೀಸ್ ಪದದ ಬೆನ್ನಿಗೆ ಕನ್ನಡದ ‘ಶರ್ಕರೆ’ಯನ್ನು ಇಡುತ್ತವೆ, ಕೆಲವು ಮಲಯಾಳವನ್ನು. ಕನ್ನಡದ ಅಭಿಮಾನ ನನಗೂ ಇದೆ, ಆದರೆ ಇಲ್ಲಿ ನನ್ನ ಒಲವು ಮಲಯಾಳದ ಕಡೆಗೆ. ಪೋರ್ಚುಗೀಸರು ಮೊದಲು ಇಳಿದದ್ದು ಮಲಬಾರಿನಲ್ಲಿ, ಪದವನ್ನು ಬಳಸಿದ್ದು ತಾಳೆ ಬೆಲ್ಲಕ್ಕೆ. ನಮ್ಮಲ್ಲಿ ಬೆಲ್ಲಕ್ಕೆ ‘ಬೆಲ್ಲ’ ಎಂಬ ಸ್ವಂತ ಪದವೇ ಇರುವಾಗ ಅದನ್ನು ಯಾರು ಸಕ್ಕರೆ ಎನ್ನುತ್ತಾರೆ? ತಮಿಳಿನ ‘ವೆಲ್ಲಂ’ ಇದರ ಒಡಹುಟ್ಟು. ‘ವೇರ್’ ನಮ್ಮಲ್ಲಿ ‘ಬೇರು’, ‘ವಿಲ್’ ‘ಬಿಲ್ಲು’ ಆದ ಹಾಗೆಯೇ ಇದೂ. ನೆರೆಯವರು ಮಾತ್ರ ಸಕ್ಕರೆ ಎಂಬ ಹೆಸರನ್ನು ಬೆಲ್ಲಕ್ಕೂ ಹಂಚಿದ್ದಾರೆ. ಮಲಯಾಳದ ‘ಶರ್ಕ್ಕರ’ ಬೆಲ್ಲವೇ. ತಮಿಳರ ‘ಸರ್ಕ್ಕರೈ ಪೊಂಗಲ್’ಗೆ ಬೀಳುವುದೂ ಬೆಲ್ಲವೇ.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಇದೇ ‘ಶರ್ಕರಾ’ ಬಹಳ ಹಿಂದೆಯೇ ನೆಲದ ದಾರಿ ಹಿಡಿದು ಪಡುವಣಕ್ಕೆ ಹೋಗಿತ್ತು. ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’, ಮಧ್ಯಯುಗದ ಲ್ಯಾಟಿನ್, ಫ್ರೆಂಚ್‌ಗಳನ್ನು ದಾಟಿ ಇಂಗ್ಲಿಷಿನಲ್ಲಿ ‘ಶುಗರ್’ ಆಗಿ ನೆಲೆಸಿತ್ತು. ಕೆಲವು ಶತಮಾನ ಕಳೆದ ಮೇಲೆ ಹಡಗು ಹತ್ತಿ ‘ಜ್ಯಾಗರಿ’ ಬಂದಾಗ, ಮನೆಯೊಳಗೆ ಅಕ್ಕ ಕುಳಿತಿರುವುದು ಇಂಗ್ಲಿಷಿನವರಿಗೆ ಗೊತ್ತಾಗಲಿಲ್ಲ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶ, ಜ್ಯಾಗರಿ ಎಂಬುದು ಶುಗರ್‌ನ ಇನ್ನೊಂದು ರೂಪವಷ್ಟೇ ಎಂದು ಹೇಳಿದೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ನಿಮ್ಮ ಕಡೆಯ ಕಬ್ಬು ಒಂದೋ ಕಾರ್ಖಾನೆಗೆ, ಇಲ್ಲವೇ ಆಲೆಮನೆಗೆ ಎಂದು ಎರಡು ದಾರಿ ಹಿಡಿಯಿತಲ್ಲ, ಇಂಗ್ಲಿಷಿನಲ್ಲಿ ಆ ಎರಡು ದಾರಿಯ ಕೊನೆಗೂ ಇರುವುದು ಒಂದೇ ಪದ.

ಈಗ ಮತ್ತೆ ನಿಮ್ಮ ಡಬ್ಬಿಗೆ ಬರೋಣ. ಪದ ಹುಟ್ಟಿದ್ದೇ ತಾಳೆ ಬೆಲ್ಲಕ್ಕಾದ್ದರಿಂದ ಆ ಅರ್ಥ ಇಂಗ್ಲಿಷಿನಲ್ಲಿ ಇನ್ನೂ ಉಳಿದಿದೆ. ಶ್ರೀಲಂಕಾದ ಜ್ಯಾಗರಿ ಹೆಚ್ಚಾಗಿ ನಮ್ಮ ಬಗನಿ ಮರದ ರಸದಿಂದಲೇ ಆಗುವುದು. ಆದ್ದರಿಂದ ‘ಕೇನ್ ಜ್ಯಾಗರಿ’ ಎಂದು ಹಾಕಿಸಿ, ಕಬ್ಬಿನದು ಎಂಬುದು ಸ್ಪಷ್ಟವಾಗುತ್ತದೆ. ‘ಬ್ರೌನ್ ಶುಗರ್’ ಎಂದು ಹಾಕಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಅದು ಬಹುಮಟ್ಟಿಗೆ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು. ಸಾಲದ್ದಕ್ಕೆ ನಮ್ಮ ಪೊಲೀಸರಿಗೆ ಆ ಹೆಸರಿನಲ್ಲಿ ಬೇರೆಯೇ ಒಂದು ಪುಡಿ ಗೊತ್ತು. ಬಹುವಚನವೂ ಬೇಡ. ಹನ್ನೆರಡು ಅಚ್ಚು ಇದ್ದರೂ ಇಂಗ್ಲಿಷಿನಲ್ಲಿ ಜ್ಯಾಗರಿ ಒಂದೇ, ಎಣಿಸುವುದು ಅಚ್ಚನ್ನು.

ಎರಡು ಸಾವಿರ ಚೀಟಿಯನ್ನು ಪೆನ್ನು ಹಿಡಿದು ತಿದ್ದಲು ಕೂರಬೇಡಿ, ತಿದ್ದಿದ ಚೀಟಿ ಕಂಡರೆ ಕೊಳ್ಳುವವರು ದಿನಾಂಕವನ್ನೇ ತಿದ್ದಿದ್ದಾರೆಂದು ಅನುಮಾನಿಸುತ್ತಾರೆ. ಹೊಸದಾಗಿ ಅಚ್ಚು ಹಾಕಿಸುವಾಗ ‘ಬೆಲ್ಲ’ ಎಂಬುದನ್ನು ಮೇಲೆ ದಪ್ಪಕ್ಷರದಲ್ಲಿ, ಇಂಗ್ಲಿಷನ್ನು ಕೆಳಗೆ ಸಣ್ಣದಾಗಿ ಹಾಕಿಸಿ. ಮುದ್ರಣಕ್ಕೆ ಹೋಗುವ ಮುನ್ನ ಕರಡನ್ನು ಮಗಳ ಕೈಗೆ ಕೊಡಿ.