ಅಮೆರಿಕದಲ್ಲಿದ್ದೇನೆ, ವೇಲ್ಡ್ ಕಮೀಲಿಯನ್ ಎಂಬ ಜಾತಿಯ ಊಸರವಳ್ಳಿ ಸಾಕಬೇಕು. ಗೂಡು ಹೇಗಿರಬೇಕು?

ಮೀನಿನ ಗಾಜಿನ ತೊಟ್ಟಿಯಂತೂ ಬೇಡ. ಗಾಳಿಯಾಡುವ ಜಾಲರಿ ಗೂಡು ತನ್ನಿ. ಬೆಳೆದ ಊಸರವಳ್ಳಿಗೆ ಕನಿಷ್ಠ 2 ಅಡಿ ಉದ್ದ, 2 ಅಡಿ ಅಗಲ, 4 ಅಡಿ ಎತ್ತರ ಬೇಕು. ಹತ್ತುವ ಪ್ರಾಣಿ ಅಲ್ವಾ, ಎತ್ತರವೇ ಮುಖ್ಯ. ಗೂಡಿಗೆ ಒಂದೇ ಇರಲಿ, ಜೊತೆ ಬೇಡ.

ಜಾಸ್ತಿ ಜನ ಎಡವುವುದು ನೀರಿನಲ್ಲಿ. ಬಟ್ಟಲಲ್ಲಿಟ್ಟ ನೀರನ್ನು ಇದು ಸಾಮಾನ್ಯವಾಗಿ ತಿರುಗಿಯೂ ನೋಡುವುದಿಲ್ಲ. ಎಲೆ ಮೇಲೆ ಹನಿ ಮಿನುಗಿದರೆ ಮಾತ್ರ ಹೋಗಿ ನೆಕ್ಕುತ್ತದೆ. ಹಾಗಾಗಿ ದಿನಕ್ಕೆರಡು ಸಲ ಎಲೆಗಳಿಗೆ ಸ್ಪ್ರೇ ಮಾಡಿ. ಮಧ್ಯೆ ಗೂಡು ಒಣಗಲಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಳಗೆ ದಾಸವಾಳದ ಕುಂಡ ಇಡಿ. ಸುಮ್ನೆ ಅಂದಕ್ಕಲ್ಲ, ಈ ಜಾತಿ ಎಲೆಯನ್ನೂ ಕಚ್ಚಿ ತಿನ್ನುತ್ತದೆ, ದಾಸವಾಳವಾದರೆ ಭಯವಿಲ್ಲ.

ದೀಪ ಎರಡು, ಜಾಲರಿಯ ಹೊರಗೆ ಮೇಲ್ಗಡೆ: ಬಿಸಿಗೊಂದು ಬಲ್ಬು, ಇನ್ನೊಂದು ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬ್. ಮೈ ಕಾಯಿಸುವ ಕೊಂಬೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಕೊಂಬೆಯನ್ನು ತೀರಾ ಹತ್ತಿರ ಕಟ್ಟಿದರೆ ತಲೆಯ ಕಿರೀಟ ಸುಟ್ಟುಕೊಳ್ಳುತ್ತದೆ. ಯುವಿಬಿ ಇಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಬಾಗುತ್ತದೆ. ರಾತ್ರಿ ಎರಡೂ ಆರಿಸಿ.

ಊರಿಗೆ ಬಂದಾಗ ತೋಟದಲ್ಲಿ ಊಸರವಳ್ಳಿ ಕಂಡರೆ ಮಾತ್ರ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಹಿಡಿದು ಸಾಕುವುದು ಅಪರಾಧ.