ಹೀಬ್ರೂ ಗ್ರಂಥದ ವಯಸ್ಸು ಭಾಷೆ ನೋಡಿ ಹೇಳೋದು ಹೆಂಗೆ?

ಪ್ರಶ್ನೆ: ಸರ್, ಬೈಬಲ್‌ನ ಹಳೆ ಒಡಂಬಡಿಕೆ ಪುಸ್ತಕಗಳು ಯಾವ ಕಾಲದ್ದು ಅಂತ ಬರೀ ಭಾಷೆ ನೋಡಿ ಹೇಳ್ತಾರಂತೆ, ನಿಜಾನಾ? ಎಷ್ಟು ನಂಬಬಹುದು?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮೂರಿಂದಲೇ ಶುರು ಮಾಡೋಣ. ಯಾರೋ ಒಂದು ತಾಮ್ರಪಟ ತಂದು ಇದು ಚಂದ್ರವಳ್ಳಿ ಶಾಸನ ಹಾಕಿಸಿದ ಮಯೂರಶರ್ಮನ ಕಾಲದ್ದು ಅಂತಾರೆ, ಓದಿದ್ರೆ ಅದ್ರಲ್ಲಿ 'ಜಮೀನು', 'ದರ್ಬಾರು' ಅಂತ ಇದೆ, ನೀವು ನಂಬ್ತೀರಾ? ಎರಡೂ ಪಾರ್ಸಿ ಪದ, ನಮ್ ಕಡೆ ಬಂದಿದ್ದೇ ಎಷ್ಟೋ ಶತಮಾನ ಆದ್ಮೇಲೆ.

ಹಳೆ ಒಡಂಬಡಿಕೆಯ ಬಹುಪಾಲು ಬರೆದಿರೋ ಹೀಬ್ರೂ ಭಾಷೇಲೂ ಸಾಕ್ಷಿ ಹೇಳೋದು ಪರ್ಷಿಯಾದ ಪದಗಳೇ. 'ಪ್ರಸಂಗಿ' ಪುಸ್ತಕ ಸೊಲೊಮೋನ ಬರೆದಿದ್ದು ಅಂತ ಸಂಪ್ರದಾಯ, ಅಂದ್ರೆ ಕ್ರಿ.ಪೂ. 10ನೇ ಶತಮಾನ. ಆದ್ರೆ ಅದರ 2ನೇ ಅಧ್ಯಾಯದಲ್ಲಿ ತೋಟಕ್ಕೆ 'ಪರ್ದೇಸ್', 8ನೇ ಅಧ್ಯಾಯದಲ್ಲಿ ತೀರ್ಪಿಗೆ 'ಪಿತ್ಗಾಮ್' ಅಂತಿದೆ, ಎರಡೂ ಹಳೇ ಪರ್ಷಿಯನ್ ಮೂಲದ್ದು, ಪರ್ಷಿಯಾದ ರಾಜ ಸೈರಸ್ ಬಾಬಿಲೋನ್ ಗೆದ್ದಿದ್ದೇ ಕ್ರಿ.ಪೂ. 539ರಲ್ಲಿ, ಹಾಗಾಗಿ ಪುಸ್ತಕ ಅದಾದ್ಮೇಲಿಂದು ಅಂತ ಬಹುತೇಕ ವಿದ್ವಾಂಸರು ಹೇಳ್ತಾರೆ.

ನನಗೆ ಇದಕ್ಕಿಂತ ಗಟ್ಟಿ ಅನ್ಸೋದು ಬೈಬಲ್‌ನ ಸಮುವೇಲ ಪುಸ್ತಕ ಮತ್ತು ಅದಕ್ಕಿಂತ ತಡವಾಗಿ ಬರೆದ ಪೂರ್ವಕಾಲವೃತ್ತಾಂತ, ಯಾಕಂದ್ರೆ ಒಂದೇ ಕಥೆ ಎರಡು ಕಡೆ ಇದೆ, ಸಾಲಿಗೆ ಸಾಲು ಪಕ್ಕಪಕ್ಕ ಇಟ್ಟು ನೋಡಬಹುದು. ದಾವೀದನ ರಾಜ್ಯಕ್ಕೆ ಸಮುವೇಲದಲ್ಲಿ 'ಮಮ್ಲಾಕಾ' ಅಂತಿರೋ ಜಾಗದಲ್ಲಿ ಪೂರ್ವಕಾಲವೃತ್ತಾಂತದಲ್ಲಿ 'ಮಲ್ಕೂತ್' ಬರುತ್ತೆ, ದಾವೀದ ಅನ್ನೋ ಹೆಸರನ್ನೇ ಸಮುವೇಲದಲ್ಲಿ ಸಾಮಾನ್ಯವಾಗಿ ಮೂರಕ್ಷರದಲ್ಲಿ, ಪೂರ್ವಕಾಲವೃತ್ತಾಂತದಲ್ಲಿ ನಡುವೆ 'ಯೋದ್' ಅನ್ನೋ ಅಕ್ಷರ ಸೇರಿಸಿ ನಾಲ್ಕಕ್ಷರದಲ್ಲಿ ಬರೀತಾರೆ. 'ಮಲ್ಕೂತ್' ಎಸ್ತೇರ್‌ನಲ್ಲೂ ಸಿಕ್ಕಾಪಟ್ಟೆ ಬರುತ್ತೆ, ಆ ಪುಸ್ತಕದ ಕಥೆ ನಡೆಯೋದೇ ಪರ್ಷಿಯಾ ರಾಜನ ಅರಮನೇಲಿ, ಅಂದ್ರೆ ಇದು ತಡವಾದ ಕಾಲದಲ್ಲಿ ಹೆಚ್ಚು ಬಳಕೆಗೆ ಬಂದ ಪದ. ಹಳೇ ಹೀಬ್ರೂ ಹೆಂಗಿತ್ತು ಅನ್ನೋದಕ್ಕೆ ಬೈಬಲ್‌ನ ಹೊರಗೂ ಅಳತೆಗೋಲು ಇದೆ, ಜೆರುಸಲೇಮ್‌ನ ಸಿಲೋವಾಮ್ ಸುರಂಗದ ಶಾಸನ ಕ್ರಿ.ಪೂ. 8ನೇ ಶತಮಾನದ ಕೊನೇದು, ಲಾಕೀಷ್‌ನಲ್ಲಿ ಸಿಕ್ಕಿರೋ ಮಡಕೆ ಚೂರಿನ ಮೇಲಿನ ಪತ್ರಗಳು 6ನೇ ಶತಮಾನದ ಶುರುವಿನವು.

ಇನ್ನು ನಂಬೋ ವಿಷಯ. ಅವಿ ಹುರ್ವಿಟ್ಸ್ ಅವರಂಥ ವಿದ್ವಾಂಸರು ಈ ವಿಧಾನಾನ ಗಟ್ಟಿಯಾಗಿ ಸಮರ್ಥಿಸಿದ್ರು, ಇಯಾನ್ ಯಂಗ್ ಮತ್ತು ಜೊತೆಗಾರರು 2008ರಲ್ಲಿ ಎರಡು ಸಂಪುಟ ತಂದು ಅಷ್ಟು ಸುಲಭ ಅಲ್ಲ ಅಂದ್ರು. ಅವರ ಮಾತಲ್ಲೂ ಹುರುಳಿದೆ, ನಕಲು ಮಾಡೋರು ಸುಮ್ನೆ ನಕಲು ಮಾಡ್ತಿರ್ಲಿಲ್ಲ, ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೇಲಿ ಸಿಕ್ಕ, ಯೆಶಾಯ ಪುಸ್ತಕದ ನಕಲಾದ ದೊಡ್ಡ ಸುರುಳೀಲಿ ಕಾಗುಣಿತವನ್ನೇ ತಮ್ಮ ಕಾಲಕ್ಕೆ ತಕ್ಕಂಗೆ ಬದಲಾಯಿಸಿದ್ದಾರೆ. ಆಮೇಲೆ ಹೊಸ ಕಾಲದವನು ಬೇಕಂತಲೇ ಹಳೇ ಶೈಲೀಲಿ ಬರೀಬಹುದು. ಅದಕ್ಕೇ ಒಂದೆರಡು ಪದ ಹಿಡ್ಕೊಂಡು ಇಂಥ ಶತಮಾನ ಅಂತ ಹೇಳೋರನ್ನ ನಾನು ಒಪ್ಪಲ್ಲ, ಇಡೀ ಪುಸ್ತಕದ ತುಂಬ ತಡವಾದ ಪದ, ವ್ಯಾಕರಣ ಎರಡೂ ಒಟ್ಟಿಗೆ ಕಂಡ್ರೆ ಮಾತ್ರ ಒಪ್ತೀನಿ.