ಕೊಟ್ಟ ಕೈಗಡ ಕೇಳಿದರೆ ಕ್ಷಮಿಸಿಲ್ಲ ಅಂತಲಾ?

ಪ್ರಶ್ನೆ: ನಮ್ಮ ಪ್ರಾರ್ಥನಾ ಕೂಟ ನಡೆಸುವ ಅಕ್ಕ ಒಬ್ಬರು 14 ತಿಂಗಳ ಹಿಂದೆ ತುಂಬಾ ಕಷ್ಟ ಅಂತ ಹೇಳಿಕೊಂಡರು. ನನ್ನ ಎರಡು ತಿಂಗಳ ಸಂಬಳದಷ್ಟು ಹಣ ಕೈಗಡ ಕೊಟ್ಟೆ. ಮೂರು ತಿಂಗಳಲ್ಲಿ ವಾಪಸ್ ಅಂದಿದ್ದರು, ಪತ್ರ ಮಾಡಿಕೊಳ್ಳಲಿಲ್ಲ. ಈಗ ಆರಾಧನೆ ಮುಗಿದ ಕೂಡಲೇ ಇನ್ನೊಂದು ಬಾಗಿಲಿಂದ ಹೋಗಿಬಿಡುತ್ತಾರೆ. ಒಮ್ಮೆ ಮೆಸೇಜ್ ಹಾಕಿ ಕೇಳಿದೆ. ಉತ್ತರವಾಗಿ ಲೂಕ 6:30 ಕಳಿಸಿದರು, ನಿನ್ನ ಸೊತ್ತನ್ನು ತೆಗೆದುಕೊಂಡವನಿಂದ ಹಿಂದಕ್ಕೆ ಕೇಳಬೇಡ ಅನ್ನುವ ವಚನ. ಕೂಟದ ಮೂವರ ಹತ್ತಿರ ಹೇಳಿಕೊಂಡೆ. 'ಏಳೆಪ್ಪತ್ತು ಸಾರಿ ಕ್ಷಮಿಸಬೇಕು ಸಿಸ್ಟರ್' ಅಂದರು. ನನ್ನ ಗಂಡ ಕೋರ್ಟಿಗೆ ಹೋಗೋಣ ಅನ್ನುತ್ತಾರೆ. ಕರ್ತನ ಪ್ರಾರ್ಥನೆಯಲ್ಲಿ 'ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಅನ್ನುವ ಸಾಲು ಬಂದಾಗ ನನ್ನ ಬಾಯಿ ಕಟ್ಟಿಹೋಗುತ್ತದೆ. ಮೂರು ತಿಂಗಳಿಂದ ಪ್ರಭುಭೋಜನ (ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡಿಲ್ಲ. ಹಣ ಕೇಳುವುದು ಪಾಪವಾ?

ಉತ್ತರ: ಪ್ರಿಯ ಸಹೋದರಿ, ಪಾಪವಲ್ಲ. ಆದರೆ ನೀವು ಇದುವರೆಗೆ ಕೇಳಿದ ರೀತಿ ಸರಿಯಿಲ್ಲ. ಕೇಳದೆ ಬಿಟ್ಟ ರೀತಿಯೂ ಸರಿಯಿಲ್ಲ.

ನಿಮ್ಮ ಸ್ನೇಹಿತರು ಹೇಳಿದ 'ಏಳೆಪ್ಪತ್ತು ಸಾರಿ' ಮತ್ತಾಯ 18ರ 22ನೇ ವಚನ. ಬೈಬಲ್ ತೆರೆದು ಅದೇ ಪುಟದಲ್ಲಿ ಏಳು ವಚನ ಮೇಲಕ್ಕೆ ಹೋಗಿ. 15ನೇ ವಚನದಲ್ಲಿ ಯೇಸು ಹೇಳುವುದು ಇಷ್ಟು: ನಿನ್ನ ಸಹೋದರ ತಪ್ಪು ಮಾಡಿದರೆ ನೀನು ಹೋಗು, ನೀವಿಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತಿಳಿಸು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಕ್ಷಮೆಯ ಲೆಕ್ಕವನ್ನು ಶಿಷ್ಯ ಪೇತ್ರ ಕೇಳಿದ್ದು ಇದೆಲ್ಲ ಆದಮೇಲೆ. ಯೇಸು 15ರಲ್ಲಿ ಶುರು ಮಾಡಿದ್ದನ್ನು ನಿಮ್ಮ ಕೂಟದವರು 22ರಲ್ಲಿ ಶುರು ಮಾಡಿಬಿಟ್ಟಿದ್ದಾರೆ. ಲೂಕ 17:3 ಇನ್ನೂ ಚುಟುಕು. ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು.

ಈಗ ಆ ಅಕ್ಕ ಕಳಿಸಿದ ವಚನಕ್ಕೆ ಬರೋಣ. ಲೂಕ 6:30 ನಿಜವಾಗಿಯೂ ಕಷ್ಟದ ಮಾತು, ಅದನ್ನು ತೇಲಿಸಿ ಬಿಡುವುದು ಬೇಡ. ಕೊಟ್ಟದ್ದರ ಮೇಲಿನ ಹಿಡಿತ ಸಡಿಲಿಸು ಎಂದು ಅದು ಕೊಡುವವರಿಗೆ ಹೇಳುತ್ತದೆ. ಅದು ನಿಮಗೆ ಬಂದ ಕಾಗದ. ಅವರು ಅದನ್ನು ತೆರೆದು, ಓದಿ, ನಿಮಗೇ ತಿರುಗಿ ಕಳಿಸಿದ್ದಾರೆ. ಅವರ ಹೆಸರಿಗೆ ಬಂದ ಕಾಗದಗಳು ಬೇರೆ ಇವೆ. ಎದುರಾಳಿಯೊಂದಿಗೆ ದಾರಿಯಲ್ಲಿರುವಾಗಲೇ ಬೇಗ ಇತ್ಯರ್ಥ ಮಾಡಿಕೋ ಎನ್ನುವ ಮತ್ತಾಯ 5:25 ಒಂದು. ಸಾಲ ತೆಗೆದುಕೊಂಡು ತೀರಿಸದವನನ್ನು ದುಷ್ಟ ಎಂದು ಕರೆಯುವ ಕೀರ್ತನೆ 37:21 ಇನ್ನೊಂದು. ಯಾರಿಗೂ ಯಾವ ಸಾಲವನ್ನೂ ಉಳಿಸಿಕೊಳ್ಳಬೇಡಿ ಎನ್ನುವ ರೋಮಾ 13:8 ಮತ್ತೊಂದು. ನೀವು ಹೋದಾಗ ಈ ವಚನಗಳನ್ನು ಅವರ ಮುಂದೆ ಬಿಚ್ಚಬೇಡಿ. ವಚನಕ್ಕೆ ವಚನ ಎಸೆದಾಡಲು ಶುರುವಾದರೆ ಹಣದ ಮಾತು ಪಕ್ಕಕ್ಕೆ ಸರಿದು, ಯಾರು ಹೆಚ್ಚು ಆತ್ಮಿಕರು ಅನ್ನುವ ಪಂದ್ಯ ನಡೆಯುತ್ತದೆ. ಕೂಟ ನಡೆಸುವವರು ಅದರಲ್ಲಿ ಪಳಗಿದವರು, ನೀವು ಸೋಲುತ್ತೀರಿ.

ನಿಮ್ಮ ತಲೆಯಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಗಂಟಾಗಿವೆ. ಅವರ ಮೇಲಿನ ದ್ವೇಷ ಬಿಡುವುದು ಒಂದು. ಸಾಲ ಮನ್ನಾ ಮಾಡುವುದು ಇನ್ನೊಂದು. ಮತ್ತೆ ಅವರನ್ನು ನಂಬಿ ಹಣ ಕೊಡುವುದು ಮೂರನೆಯದು. ಮೊದಲನೆಯದು ಯೇಸುವಿನ ಆಜ್ಞೆ, ಅವರು ಕ್ಷಮೆ ಕೇಳಿದರೂ ಕೇಳದಿದ್ದರೂ ನಿಮ್ಮ ಪಾಲಿನ ಕೆಲಸ. ನಿಂತು ಪ್ರಾರ್ಥಿಸುವಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿ ಎಂದು ಮಾರ್ಕ 11:25ರಲ್ಲಿದೆ. ಎರಡನೆಯದು ನಿಮ್ಮ ಸ್ವಂತ ತೀರ್ಮಾನ. ಮೂರನೆಯದನ್ನು ಯೇಸು ಯಾರಿಂದಲೂ ಕೇಳಿಲ್ಲ. ಸುಂಕ ವಸೂಲಿಯವರ ಮುಖ್ಯಸ್ಥ ಜಕ್ಕಾಯನ ಪ್ರಸಂಗ ನೆನಪಿಸಿಕೊಳ್ಳಿ. ಅವನು ಒಂದು ಕಾಸು ಹಿಂದಿರುಗಿಸುವ ಮೊದಲೇ ಯೇಸು ಅವನ ಮನೆಗೆ ಹೋದರು. ಆಮೇಲೆ ಅವನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದಾಗ, 'ಬೇಡ ಬಿಡು, ಎಲ್ಲ ಕ್ಷಮಿಸಿಯಾಯಿತಲ್ಲ' ಅನ್ನಲಿಲ್ಲ. ಈ ಮನೆಗೆ ಈಹೊತ್ತು ರಕ್ಷಣೆ ಬಂತು ಅಂದರು.

ಬಾಯಿ ಕಟ್ಟುವ ಸಾಲಿನ ಬಗ್ಗೆಯೂ ಒಂದು ಮಾತು. ನಾವು 'ತಪ್ಪುಗಳನ್ನು ಕ್ಷಮಿಸು' ಎಂದು ಹೇಳುವಲ್ಲಿ ಮತ್ತಾಯ 6:12ರ ಗ್ರೀಕ್ ಮೂಲದಲ್ಲಿರುವ ಪದಕ್ಕೆ 'ಸಾಲ' ಎಂದೇ ಅರ್ಥ. ಹಾಗಾಗಿ ಆ ಸಾಲು ನಿಮ್ಮನ್ನೇ ಚುಚ್ಚಿದ ಹಾಗಾಗುವುದು ಸಹಜ. ಇದೇ ಸಾಲದ ಭಾಷೆಯಲ್ಲಿ ಯೇಸು ಮತ್ತಾಯ 18ರ ಕೊನೆಗೆ ಕಥೆ ಹೇಳುತ್ತಾರೆ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಗುಣಿಸಿ ನೋಡಿ, ಆರು ಕೋಟಿ ದಿನಗಳ ಕೂಲಿ. ಅರಸ ಅದನ್ನು ಬಿಟ್ಟ. ಅದೇ ಸೇವಕ ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಸುಕಿದ.

ಪ್ರಸಂಗಗಳಲ್ಲಿ ಈ 100 ದಿನಾರಿಯನ್ನು ಚಿಲ್ಲರೆ ಕಾಸು ಎನ್ನುವುದುಂಟು. ಚಿಲ್ಲರೆಯಲ್ಲ, ನೂರು ದಿನ ಬೆವರು ಸುರಿಸಿದ ದುಡಿಮೆ. ಆ ಲೆಕ್ಕದಲ್ಲಿ ನಿಮ್ಮ ಎರಡು ತಿಂಗಳ ಸಂಬಳ ಸುಮಾರು 50 ದಿನಾರಿ ಆಗುತ್ತದೆ, ಅದು ಕಳೆದುಹೋದರೆ ನೋಯುತ್ತದೆ. ಆ ನೋವನ್ನು ಯೇಸು ಸೊನ್ನೆ ಅನ್ನುತ್ತಿಲ್ಲ. ಇನ್ನೊಂದು ಸೂಕ್ಷ್ಮ ಗಮನಿಸಿ. ಜೊತೆಯವನು ಕಾಲಿಗೆ ಬಿದ್ದು ಕೇಳಿದ್ದು ಮನ್ನಾ ಅಲ್ಲ. 'ಸ್ವಲ್ಪ ತಾಳಿಕೋ, ಕೊಟ್ಟು ತೀರಿಸುತ್ತೇನೆ' ಅಂದ. ಕರುಣೆಯ ತೀರಾ ಕೆಳಗಿನ ಮೆಟ್ಟಿಲು ಸಮಯ ಕೊಡುವುದು. ಅದನ್ನೂ ಕೊಡದೆ ಸೆರೆಗೆ ಹಾಕಿಸಿದ್ದಕ್ಕೆ ಅವನಿಗೆ ಶಿಕ್ಷೆಯಾಯಿತು.

ಇನ್ನು ಮಾಡಬೇಕಾದ ಕೆಲಸ. ಮೊದಲಿಗೆ ಆ ಮೂವರು. ಯೇಸು 'ನೀವಿಬ್ಬರೇ' ಎಂದ ಹಂತವನ್ನು ನೀವು ಹಾರಿಬಿಟ್ಟಿರಿ. ಸಮಾಧಾನಕ್ಕೆ ಹೇಳಿಕೊಂಡೆ ಅನಿಸಬಹುದು, ಆದರೆ ಆ ಅಕ್ಕನ ಹೆಸರು ಅಲ್ಲಿ ಕೆಟ್ಟಾಗಿದೆ. ಈ ವಾರವೇ ಮೂವರಿಗೂ ಒಬ್ಬೊಬ್ಬರಿಗೇ ಹೇಳಿ: 'ಅವರ ಜೊತೆ ಎದುರು ಕೂತು ಮಾತಾಡುವ ಮೊದಲು ನಿಮಗೆ ಹೇಳಿದ್ದು ನನ್ನ ತಪ್ಪು, ದಯವಿಟ್ಟು ಇದನ್ನು ಮುಂದಕ್ಕೆ ದಾಟಿಸಬೇಡಿ.' ಇನ್ನೊಬ್ಬರ ಕಣ್ಣಿನ ರವೆ ತೆಗೆಯುವ ಮೊದಲು ತೆಗೆದುಹಾಕು ಎಂದು ಯೇಸು ಹೇಳಿದ ನಿಮ್ಮ ಕಣ್ಣಿನ ತೊಲೆ ಅದು. ಈ ಕೆಲಸ ಮುಗಿಸದೆ ಅವರ ಹತ್ತಿರ ಹೋದರೆ 'ಊರಿಗೆಲ್ಲ ಡಂಗುರ ಹೊಡೆದು ಈಗ ಬಂದೆಯಾ' ಎಂಬ ಒಂದೇ ಮಾತಿಗೆ ನಿಮ್ಮ ಮುಖ ಸಣ್ಣದಾಗುತ್ತದೆ. ಹಾಗೆಯೇ, ಇದನ್ನು ಪ್ರಾರ್ಥನಾ ವಿಷಯವಾಗಿ ಕೂಟದಲ್ಲಿ ಇಡಬೇಡಿ. ಹೆಸರು ಹೇಳದೆ ಇಟ್ಟರೂ ಬೇಡ. ಎಷ್ಟೋ ಚಾಡಿ ಮಾತು 'ಆಮೆನ್' ಹಾಕಿಕೊಂಡೇ ತಿರುಗಾಡುತ್ತದೆ.

ಎರಡನೆಯದು, ಗಂಡನೊಂದಿಗೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಕೊಟ್ಟೆ, ಯಾವ ತಾರೀಕು, ಇದುವರೆಗೆ ಬಂದದ್ದೆಷ್ಟು. ಅದರ ಕೆಳಗೆ ಇನ್ನೊಂದು ಸಾಲು: ಪೂರ್ತಿ ಬರದಿದ್ದರೆ ಎಷ್ಟನ್ನು ನಾವು ಸಂತೋಷದಿಂದ ಬಿಡಬಲ್ಲೆವು. ಪೂರ್ತಿಯೋ ಅರ್ಧವೋ ಏನೂ ಇಲ್ಲವೋ, ಯಾವುದಾದರೂ ನಿಜವಾದ ಉತ್ತರವಿರಲಿ. ಇದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಬೇಕು. ಅವರು ಅತ್ತಾಗ ನೀವು ಮುಜುಗರಕ್ಕೆ 'ಪರವಾಗಿಲ್ಲ ಅಕ್ಕ, ಬಿಡಿ' ಅಂದು, ಮನೆಗೆ ಬಂದು ರಾತ್ರಿಯೆಲ್ಲ ಕುದಿಯುವುದೇ ಇಂಥ ಭೇಟಿಗಳಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದು ಯೇಸು ಹೇಳಿದ ಮಾತು ಇಲ್ಲಿಗೂ ಅನ್ವಯ.

ಮೂರನೆಯದು ಭೇಟಿ. ಹಣದ ವಿಷಯವನ್ನು ಮೆಸೇಜಿನಲ್ಲಿ ಎತ್ತಬೇಡಿ, ಅದನ್ನು ನೋಡಿಯೇ ಅವರು ವಚನ ಕಳಿಸಿದ್ದು. ಫೋನ್ ಮಾಡಿ ಇಷ್ಟೇ ಹೇಳಿ: 'ಅಕ್ಕ, ನಮ್ಮಿಬ್ಬರ ಒಂದು ವಿಷಯ ಮಾತಾಡಬೇಕಿತ್ತು, ಅರ್ಧ ಗಂಟೆ ಸಾಕು, ಯಾವತ್ತು ಬರಲಿ?' ಆರಾಧನೆ ಮುಗಿದ ಹೊತ್ತಿನ ಬಾಗಿಲ ಬಳಿ ಬೇಡ, ಅಲ್ಲಿ ಕಿವಿಗಳು ಜಾಸ್ತಿ. ಕೂತಮೇಲೆ ಪೀಠಿಕೆ ಹಾಕದೆ ಮೂರು ಮಾತು ಹೇಳಿ. 'ಇಂಥ ತಿಂಗಳು ಇಷ್ಟು ಹಣ ಕೊಟ್ಟಿದ್ದೆ, ಮೂರು ತಿಂಗಳು ಅಂದಿದ್ದಿರಿ. ಅದು ಬಾರದೆ ನಮಗೆ ಕಷ್ಟವಾಗಿದೆ, ಅದಕ್ಕಿಂತ ಹೆಚ್ಚಾಗಿ ನಿಮ್ಮ ಮೇಲೆ ನನ್ನ ಮನಸ್ಸು ಕಹಿಯಾಗುತ್ತಿದೆ, ಅದು ನನಗೆ ಬೇಡ. ನಿಮ್ಮ ಪರಿಸ್ಥಿತಿ ಹೇಗಿದೆ ಅಕ್ಕ?' ಅಷ್ಟು ಹೇಳಿ ಸುಮ್ಮನಾಗಿ. ಮೌನ ತಡೆಯಲಾರದೆ ನೀವೇ ಅವರ ಪರವಾಗಿ ನೆಪ ಹುಡುಕಿ ಕೊಡಬೇಡಿ. 'ಎಲ್ಲರೂ ಹೇಳುತ್ತಾರೆ', 'ನೀವು ಯಾವಾಗಲೂ ಹೀಗೇ' ಎಂಬ ಎರಡು ಮಾತು ಬಾಯಿಗೆ ಬರಬಾರದು. ಎಲ್ಲರೂ ಅಂದ ಕೂಡಲೇ 'ಎಲ್ಲರೂ ಅಂದರೆ ಯಾರು' ಎಂದು ಮಾತು ದಾರಿ ತಪ್ಪುತ್ತದೆ.

ಅವರು ಒಪ್ಪಿಕೊಂಡು 'ಒಟ್ಟಿಗೆ ಆಗುವುದಿಲ್ಲ' ಅಂದರೆ ಕಂತು ಮಾಡಿಕೊಳ್ಳಿ. ಅವರು ನಾಚಿಕೆಗೆ ದೊಡ್ಡ ಮೊತ್ತ ಹೇಳಿದರೆ ನೀವೇ ಇಳಿಸಿ. ತಪ್ಪಿಹೋಗುವ ದೊಡ್ಡ ಕಂತಿಗಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಕಂತು ನಿಮ್ಮಿಬ್ಬರ ಸಂಬಂಧಕ್ಕೆ ಒಳ್ಳೆಯದು. ಮೊತ್ತ, ತಾರೀಕು ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬರೆಸಿಕೊಳ್ಳುವುದು ನಂಬಿಕೆಯ ಕೊರತೆ ಅಂತ ಅಳುಕಬೇಡಿ. ದಾಸ ಒನೇಸಿಮನ ಸಾಲವೇನಾದರೂ ಇದ್ದರೆ ತಾನೇ ತೀರಿಸುತ್ತೇನೆ ಎಂದು ಅಪೊಸ್ತಲ ಪೌಲನೇ ಅವನ ಯಜಮಾನ ಫಿಲೆಮೋನನಿಗೆ ಸ್ವಹಸ್ತದಿಂದ ಬರೆದುಕೊಟ್ಟಿದ್ದಾನೆ. ಒಂದಿಷ್ಟು ಮನ್ನಾ ಮಾಡುವುದಾದರೆ ಅದನ್ನು ಬಾಯಿಬಿಟ್ಟು ಹೇಳಿ, ಆ ಮೊತ್ತವನ್ನು ಕಾಗದದಲ್ಲಿ ಹೊಡೆದುಹಾಕಿ. ಆಮೇಲೆ ಎಂದೂ ಎತ್ತಬಾರದು, ಜಗಳದಲ್ಲೂ ಕೂಡ.

ತಿಳಿಸಿದ ಮಾತು ಅವರು ಕೇಳಿದರೆ 'ನಿನ್ನ ಸಹೋದರನನ್ನು ಸಂಪಾದಿಸಿಕೊಂಡಿ' ಎಂದು 15ನೇ ವಚನ ಮುಗಿಯುತ್ತದೆ. ಮತ್ತಾಯ 25ರಲ್ಲಿ ಐದು ತಲಾಂತು ಹಾಕಿ ವ್ಯಾಪಾರ ಮಾಡಿ ಇನ್ನೈದು ಗಳಿಸಿದವನಿಗೂ ಗ್ರೀಕಿನಲ್ಲಿ ಇದೇ ಕ್ರಿಯಾಪದ. ಹಣ ಬರದೆ ಅಕ್ಕ ಸಿಕ್ಕರೂ ಯೇಸುವಿನ ಲೆಕ್ಕದ ಪುಸ್ತಕದಲ್ಲಿ ಅದು ಲಾಭದ ಕಡೆಗೇ ಬೀಳುತ್ತದೆ.

ಅವರು ಸಿಟ್ಟಾದರೆ ಅಥವಾ ಹಣವೇ ಪಡೆದಿಲ್ಲ ಅಂದರೆ ವಾದಕ್ಕಿಳಿಯದೆ ಎದ್ದು ಬನ್ನಿ. ಎರಡು ವಾರ ಬಿಡಿ, ಮೊದಲ ಸಿಟ್ಟು ಇಳಿದಮೇಲೆ ತಾವಾಗಿಯೇ ಬರುವವರೂ ಇದ್ದಾರೆ. ಬರದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಯಾರನ್ನು ಎಂಬುದರಲ್ಲೇ ಅರ್ಧ ಕೆಲಸವಿದೆ. ಆಗಲೇ ನಿಮ್ಮ ಪಕ್ಷ ಕೇಳಿದ ಆ ಮೂವರು ಬೇಡ. ಆ ಅಕ್ಕ ಗೌರವಿಸುವ, ನಿಮಗೂ 'ನೀನು ತಪ್ಪಿದ್ದೀ' ಎಂದು ಹೇಳಬಲ್ಲ ಹಿರಿಯರೊಬ್ಬರಿರಲಿ. ಎರಡು ಮೂರು ಸಾಕ್ಷಿಗಳ ಮಾತು ಧರ್ಮೋಪದೇಶಕಾಂಡ 19:15ರಿಂದ ಬಂದದ್ದು. ನಡೆದದ್ದೇನು ಎಂದು ಖಚಿತ ಮಾಡುವುದೇ ಸಾಕ್ಷಿಯ ಕೆಲಸ, ನಿಮ್ಮ ಕಡೆಯ ಬಲ ತೋರಿಸುವುದಲ್ಲ. ಅದೂ ಆಗದಿದ್ದರೆ ಸಭಾಪಾಲಕರಿಗೂ ಹಿರಿಯರಿಗೂ ತಿಳಿಸಿ, ಆದರೆ ಆರಾಧನೆಯಲ್ಲಿ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎಲ್ಲರೆದುರು ಎದ್ದು ನಿಂತು ಅಲ್ಲ. ಅವರು ಕೂಟದ ಇನ್ನೂ ಕೆಲವರ ಹತ್ತಿರ ಹೀಗೆಯೇ ಹಣ ಪಡೆದಿದ್ದಾರೆ ಎಂದು ತಿಳಿದರಂತೂ ಹಿರಿಯರಿಗೆ ಹೇಳಲು ತಡ ಮಾಡಬೇಡಿ, ಅದು ನಿಮ್ಮೊಬ್ಬರ ಕ್ಷಮೆಯ ವಿಷಯವಾಗಿ ಉಳಿಯುವುದಿಲ್ಲ.

ಸಭೆಯ ಮಾತನ್ನೂ ಕೇಳದವರನ್ನು ಅನ್ಯನಂತೆ, ಸುಂಕದವನಂತೆ ಎಣಿಸು ಎಂಬ ಮಾತನ್ನು ಬಹಿಷ್ಕಾರ ಎಂದು ಓದಿಬಿಡುತ್ತಾರೆ. ಇದನ್ನು ಬರೆದಿಟ್ಟ ಸುವಾರ್ತೆಗೆ ಇರುವುದೇ ಸುಂಕದ ಕಟ್ಟೆಯಿಂದ ಎದ್ದು ಬಂದ ಮತ್ತಾಯನ ಹೆಸರು, ಅವನ ಜೊತೆ ಯೇಸು ಊಟಕ್ಕೂ ಕೂತಿದ್ದರು. ಜೊತೆಗಾರ ಎಂದು ಭರವಸೆ ಇಡಬೇಡ, ಬಾಗಿಲನ್ನೂ ಮುಚ್ಚಬೇಡ ಎಂದು ತಿಳಿದುಕೊಳ್ಳಿ. ನಿಮ್ಮ ಮಟ್ಟಿಗೆ ಅದರ ಅರ್ಥ ಹಣ ಕೊಡುವುದಿಲ್ಲ, ನಮಸ್ಕಾರ ನಿಲ್ಲಿಸುವುದಿಲ್ಲ, ಕಾಯಿಲೆ ಬಿದ್ದರೆ ನೋಡಲು ಹೋಗುತ್ತೇನೆ ಎಂದಿಷ್ಟೇ.

ಕೋರ್ಟಿನ ಬಗ್ಗೆ ನಿಮ್ಮ ಗಂಡನಿಗೆ 1 ಕೊರಿಂಥ 6:1ರಿಂದ 8ರವರೆಗೆ ಓದಲು ಕೊಡಿ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದಕ್ಕಿಂತ ನಷ್ಟ ಸಹಿಸಬಾರದೇಕೆ ಎಂದು ಪೌಲ ಕೇಳುತ್ತಾನೆ. ಇಷ್ಟು ಮೊತ್ತದ, ಪತ್ರವಿಲ್ಲದ ಕೈಗಡಕ್ಕೆ ನಮ್ಮ ಸಲಹೆಯೂ ಅದೇ. ಹೊಡೆತ, ಬೆದರಿಕೆ, ವಂಚನೆಯ ಜಾಲ ಇದ್ದಿದ್ದರೆ ಬೇರೆ ಮಾತು. ಅಂಥ ಕಡೆ ಒಬ್ಬರೇ ಹೋಗಿ ಮಾತಾಡಿ ಎಂದೂ ನಾವು ಹೇಳುವುದಿಲ್ಲ. ಇನ್ನೊಂದು ಕೆನ್ನೆ ತೋರಿಸುವುದೆಂದರೆ ಬಾಯಿ ಮುಚ್ಚಿಕೊಂಡಿರುವುದೂ ಅಲ್ಲ. ಮಹಾಯಾಜಕನ ಎದುರು ಓಲೇಕಾರ ಕೆನ್ನೆಗೆ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ, ಆದರೆ ಕೇಳಿದರು: ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆಯುತ್ತೀ? ಯೋಹಾನ 18:23.

ಕೊನೆಗೆ ಪ್ರಭುಭೋಜನ. ಕಾಣಿಕೆ ಅರ್ಪಿಸುವಾಗ ಸಹೋದರನ ಮನಸ್ತಾಪ ನೆನಪಾದರೆ ಏನು ಮಾಡಬೇಕು ಎಂದು ಹೇಳುವ ಮತ್ತಾಯ 5:23, 24 ಮನಸ್ಸಿನಲ್ಲಿಟ್ಟುಕೊಂಡು ನೀವು ದೂರ ಉಳಿದಂತಿದೆ. ಅದನ್ನು ಯೇಸು ಹೇಳಿದ್ದು ಗಲಿಲಾಯದ ಜನರಿಗೆ. ಯಜ್ಞವೇದಿ ಇದ್ದದ್ದು ಜೆರುಸಲೇಮಿನಲ್ಲಿ, ಅಲ್ಲಿಂದ ಕಾಲ್ನಡಿಗೆಯಲ್ಲಿ ಹಲವು ದಿನಗಳ ದಾರಿ. ಅಷ್ಟು ದೂರ ಬಂದವನಿಗೂ ಕಾಣಿಕೆ ಅಲ್ಲೇ ಬಿಟ್ಟು ಹೋಗು, ಸಮಾಧಾನವಾಗು, ಆಮೇಲೆ ಬಂದು ಅರ್ಪಿಸು ಎಂದರು. ಬಿಡು, ಹೋಗು, ಬಾ. ನೀವು ಮೂರು ತಿಂಗಳಿಂದ ಬಿಟ್ಟಿದ್ದೀರಿ, ಹೋಗಿಲ್ಲ. ಹೋಗಿ ಬಂದಮೇಲೆ, ಅವರು ಏನೇ ಉತ್ತರ ಕೊಟ್ಟಿರಲಿ, ಮುಂದಿನ ಪ್ರಭುಭೋಜನಕ್ಕೆ ಕೂತುಕೊಳ್ಳಿ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದು ಪೌಲ ಬರೆದ, ಪರೀಕ್ಷಿಸಿಕೊಂಡು ಎದ್ದು ಹೋಗಲಿ ಎಂದಲ್ಲ.

ಆಮೇಲೂ ಅವರ ಮುಖ ಕಂಡಾಗ ಹೊಟ್ಟೆಯಲ್ಲಿ ಚುರ್ ಅನ್ನಬಹುದು. ಅದನ್ನು ಹೊಸ ಪಾಪ ಎಂದು ಎಣಿಸಬೇಡಿ. ಹಳೆಯ ನೋವನ್ನೇ ಇನ್ನೊಮ್ಮೆ ಕ್ಷಮಿಸಬೇಕಾಗಿದೆ ಎಂದುಕೊಳ್ಳಿ, ಏಳೆಪ್ಪತ್ತರ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಹೊತ್ತಿಗೆ ಅವರ ಹೆಸರು ಹಿಡಿದು ಎರಡೇ ವಾಕ್ಯ ಪ್ರಾರ್ಥಿಸಿ, ಅವರ ಮನೆಯ ಕಷ್ಟಕ್ಕೆ, ಅವರ ಮಕ್ಕಳಿಗೆ. 'ಇವರಿಗೆ ಬುದ್ಧಿ ಕೊಡು ಕರ್ತನೇ' ಎಂಬ ಪ್ರಾರ್ಥನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ.